ನಾಯಕನಿಗೆ ಸಾವಿಲ್ಲ, ಲೇಖಕನಿಗೆ ಬಿಡುವಿಲ್ಲ

ಮತ್ತೊಂದು ಬಂದಿದೆ. ಲೇಖಕರು ತೀರಿಕೊಂಡು ಎಷ್ಟೋ ವರ್ಷಗಳಾಗಿವೆ, ಥ್ರಿಲ್ಲರ್ ಕಾದಂಬರಿ ಮಾತ್ರ ಹೊಚ್ಚ ಹೊಸದು. ಮುಖಪುಟದ ಮೇಲರ್ಧದಲ್ಲಿ ಹೊಳೆಯುವ ಉಬ್ಬಕ್ಷರಗಳಲ್ಲಿ ದಿವಂಗತರ ಹೆಸರು. ನಡುವೆ ನಮಗೆ ಬೆನ್ನು ಹಾಕಿ ನಡೆದುಹೋಗುತ್ತಿರುವ ಒಬ್ಬ ಗಂಡಸಿನ ಕಪ್ಪು ಆಕೃತಿ. (ಈ ಮನುಷ್ಯ ಎಲ್ಲ ಪ್ರಕಾಶಕರ ಬಳಿಯೂ ದುಡಿಯುತ್ತಾನೆ. ಇಷ್ಟು ಕಾಲವಾದರೂ ಒಮ್ಮೆಯೂ ಹಿಂತಿರುಗಿ ನೋಡಿಲ್ಲ. ನೋಡಿದರೆ ಮುಖ ಕಾಣುತ್ತದೆ, ಮುಖ ಕಂಡರೆ ನಾಳೆ ಸಿನಿಮಾದಲ್ಲಿ ನಟ ಬದಲಾದಾಗ ತಕರಾರು.) ತೀರಾ ಕೆಳಗೆ, ಅಂಚಿಗೆ ಅಂಟಿಕೊಂಡಂತೆ, ಕ್ಷಮೆ ಕೇಳುವ ಧಾಟಿಯಲ್ಲಿ ಇನ್ನೊಂದು ಹೆಸರು. ಅದು ಪುಸ್ತಕ ಬರೆದವನದು.

ದಿವಂಗತರ ಕರ್ತವ್ಯನಿಷ್ಠೆಯನ್ನು ಮೆಚ್ಚಲೇಬೇಕು. ಥ್ರಿಲ್ಲರ್ ಬರೆದು ಹೆಸರಾದ ಟಾಮ್ ಕ್ಲಾನ್ಸಿ 2013ರ ಅಕ್ಟೋಬರಿನಲ್ಲಿ ತೀರಿಕೊಂಡರು. ಅವರ ಹೆಸರು ಮಾತ್ರ ಆಮೇಲೆ ರಜೆ ಹಾಕಿಯೇ ಇಲ್ಲ. ರಾಬರ್ಟ್ ಲಡ್ಲಮ್ 2001ರಲ್ಲೇ ಹೋದರು. ನೆನಪು ಕಳೆದುಕೊಂಡ ಅವರ ಗೂಢಚಾರ ಜೇಸನ್ ಬೋರ್ನ್‌ಗೆ ತನ್ನನ್ನು ಹುಟ್ಟಿಸಿದವರು ಸತ್ತದ್ದೂ ನೆನಪಿರಲಿಲ್ಲವೋ ಏನೋ, ಓಡುತ್ತಲೇ ಉಳಿದ. ಕ್ಲೈವ್ ಕಸ್ಲರ್ ತಮ್ಮ ಮಗ ಡರ್ಕ್‌ನ ಹೆಸರನ್ನು ನಾಯಕನಿಗೆ ಇಟ್ಟಿದ್ದರು. 2020ರಲ್ಲಿ ಅಪ್ಪ ಕಣ್ಣು ಮುಚ್ಚಿದ ಮೇಲೆ ಡರ್ಕ್ ಪಿಟ್‌ನನ್ನು ಮುಳುಗುವ ಹಡಗುಗಳಿಂದ ಪಾರುಮಾಡುವ ಪೂರ್ತಿ ಹೊಣೆ ಡರ್ಕ್ ಕಸ್ಲರ್ ಹೆಗಲಿಗೆ ಬಿತ್ತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೊಲ, ಮನೆ, ಸಾಲ ಎಲ್ಲ ಬರುವುದನ್ನು ಕೇಳಿದ್ದೇವೆ. ಸಾಹಸಿಯೊಬ್ಬ ಬಂದದ್ದು ಹೊಸತು.

ಲೀ ಚೈಲ್ಡ್ ಅವರದು ಇನ್ನೂ ಸೊಗಸು. ಅವರು ಬದುಕಿರುವಾಗಲೇ ಪಾಲು ಮಾಡಿದವರು. ಅವರ ನಿಜವಾದ ಹೆಸರು ಜಿಮ್ ಗ್ರಾಂಟ್. 1997ರಿಂದ ಸಾಕಿಕೊಂಡು ಬಂದ ಆರಡಿ ಐದಿಂಚಿನ ನಾಯಕ ಜ್ಯಾಕ್ ರೀಚರ್‌ನನ್ನು ತಮ್ಮ ಆಂಡ್ರೂ ಗ್ರಾಂಟ್‌ಗೆ ಒಪ್ಪಿಸುವುದಾಗಿ 2020ರಲ್ಲಿ ಹೇಳಿದರು. ತಮ್ಮನೂ ಸ್ವಂತ ಹೆಸರಿನಲ್ಲಿ ಥ್ರಿಲ್ಲರ್ ಬರೆಯುತ್ತಿದ್ದವರೇ. ಆದರೆ ಈ ಕೆಲಸಕ್ಕೆ ಅವರು ಆಂಡ್ರೂ ಚೈಲ್ಡ್ ಆಗಬೇಕಾಯಿತು. ಅಣ್ಣನ ಕಾವ್ಯನಾಮಕ್ಕಾಗಿ ತಮ್ಮ ಮನೆತನದ ಹೆಸರನ್ನೇ ಕೆಳಗಿಟ್ಟರು. ಭರತನಿಗೆ ಪಾದುಕೆಯಾದರೂ ಸಿಕ್ಕಿತ್ತು. ಇಲ್ಲಿ ನಾಯಕ ಊರೂರು ಅಲೆಯುವಾಗ ಜೇಬಿನಲ್ಲಿಟ್ಟುಕೊಳ್ಳುವುದೇ ಒಂದು ಮಡಚುವ ಟೂತ್‌ಬ್ರಷ್. ಸಿಂಹಾಸನದ ಮೇಲೆ ಅದನ್ನೇ ಇಟ್ಟು ರಾಜ್ಯಭಾರ ಮಾಡಬೇಕು.

ಇಷ್ಟೆಲ್ಲ ಸಂಕೋಚ ಯಾಕೆ ಎಂದು ನೇರವಾಗಿ ನಡೆದುಕೊಂಡ ಒಂದು ಸರಣಿ ಇತ್ತು. 1964ರಿಂದ 1990ರವರೆಗೆ 250ಕ್ಕೂ ಹೆಚ್ಚು ಪುಸ್ತಕಗಳು ಬಂದವು. ನಾಯಕ ನಿಕ್ ಕಾರ್ಟರ್, ಮುಖಪುಟದ ಮೇಲೆ ಲೇಖಕ ಕೂಡ ನಿಕ್ ಕಾರ್ಟರ್. ಒಳಗೆ ಬೆವರು ಸುರಿಸಿದವರು ಹಲವರು, ಒಬ್ಬರ ಹೆಸರೂ ಹೊರಗಿಲ್ಲ. ಕೊಲೆಯನ್ನೂ ಅವನೇ ಮಾಡಿ, ವರದಿಯನ್ನೂ ಅವನೇ ಬರೆದು, ಗೌರವಧನವನ್ನೂ ಅವನೇ ತೆಗೆದುಕೊಳ್ಳುವ ಏರ್ಪಾಡು. ಪ್ರಾಮಾಣಿಕತೆ ಎಂದರೆ ಇದು.

ಓದುಗರು ಇದನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತಾರೆ. ಬರೆದವನು ಯಾರಾದರೇನು? ಬದುಕಿದ್ದರೇನು, ಸತ್ತರೇನು? ಅವರು ಎಂದಿಗೂ ಕ್ಷಮಿಸದ ಅಪರಾಧ ಒಂದೇ, ಪಿಸ್ತೂಲಿನ ವಿಷಯದಲ್ಲಿ ತಪ್ಪುವುದು. ನಾಯಕ ಕತ್ತಲಲ್ಲಿ ಗ್ಲಾಕ್ ಪಿಸ್ತೂಲಿನ ಸುರಕ್ಷಾ ಗುಂಡಿಯನ್ನು ಹೆಬ್ಬೆರಳಿನಿಂದ ಸರಿಸಿದ ಎಂದು ಬರೆದು ನೋಡಿ. ಮಾಮೂಲಿ ಗ್ಲಾಕ್‌ಗೆ ಅಂಥ ಗುಂಡಿಯೇ ಇಲ್ಲ, ಅದರ ಸುರಕ್ಷೆ ಇರುವುದು ಟ್ರಿಗರ್‌ನಲ್ಲೇ ಎಂದು ಜಗತ್ತಿನ ಮೂಲೆ ಮೂಲೆಯಿಂದ ಪಾಠ ಬರುತ್ತದೆ. ಈ ಪರಂಪರೆಯೇನೂ ನಿನ್ನೆ ಮೊನ್ನೆಯದಲ್ಲ. 1956ರಲ್ಲಿ ಬಂದೂಕು ಬಲ್ಲ ಓದುಗರೊಬ್ಬರು ಇಯಾನ್ ಫ್ಲೆಮಿಂಗ್ ಅವರಿಗೆ ಪತ್ರ ಬರೆದರು. ನಿಮ್ಮ ಜೇಮ್ಸ್ ಬಾಂಡ್ ಕೈಯಲ್ಲಿರುವ ಬೆರೆಟಾ ಪಿಸ್ತೂಲು ಹೆಂಗಸರಿಗೆ ಹೇಳಿಸಿದ್ದು ಎಂಬುದು ಅದರ ಸಾರ. ಫ್ಲೆಮಿಂಗ್ ತಲೆಬಾಗಿದರು. 1958ರ ಕಾದಂಬರಿಯಲ್ಲಿ ಬೆರೆಟಾ ಹೋಗಿ ವಾಲ್ಥರ್ ಬಂತು. ಅಷ್ಟೇ ಅಲ್ಲ, ಅದನ್ನು ಕೊಡಿಸುವ ಶಸ್ತ್ರಾಗಾರದ ಮೇಜರ್‌ಗೆ ಪತ್ರ ಬರೆದವರ ಹೆಸರನ್ನೇ ಇಟ್ಟರು. ಒಂದು ಪತ್ರಕ್ಕೆ ಇಷ್ಟು ಫಲ ಸಿಕ್ಕಿದ್ದನ್ನು ಯಾವ ಕಚೇರಿಯಲ್ಲೂ ನಾನು ಕಂಡಿಲ್ಲ.

ಬಾಂಡ್ ಎಂದಾಗ ವೈದ್ಯರ ನೆನಪಾಗುತ್ತದೆ. ಬ್ರಿಟನ್ನಿನ ಕೆಲವು ವೈದ್ಯರು ಫ್ಲೆಮಿಂಗ್ ಬರೆದ ಹದಿನಾಲ್ಕೂ ಬಾಂಡ್ ಪುಸ್ತಕಗಳನ್ನು ಕೂತು ಓದಿ, ಅವನು ಕುಡಿದ ಪ್ರತಿ ಲೋಟವನ್ನೂ ಗುರುತು ಹಾಕಿಕೊಂಡು, 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಕ್ರಿಸ್ಮಸ್ ಸಂಚಿಕೆಯಲ್ಲಿ ಲೆಕ್ಕ ಒಪ್ಪಿಸಿದರು. ವಾರಕ್ಕೆ 92 ಯೂನಿಟ್ ಮದ್ಯ! ಅಂದಿನ ಸಲಹಾ ಮಿತಿಯ ನಾಲ್ಕು ಪಟ್ಟಿಗೂ ಮಿಗಿಲು. ಅದೂ ಆಸ್ಪತ್ರೆಯಲ್ಲೋ ಸೆರೆಯಲ್ಲೋ ಬಿದ್ದು ಕುಡಿಯಲಾಗದ ದಿನಗಳನ್ನು ಬಿಟ್ಟು. ಕುಡಿಯಲು ಸಾಧ್ಯವಿದ್ದ 87.5 ದಿನಗಳಲ್ಲಿ ಅವನು ಮುಟ್ಟದೆ ಉಳಿದದ್ದು 12.5 ದಿನ ಮಾತ್ರ. ಆ ಅರ್ಧ ದಿನ ಯಾವುದೆಂದು ತಿಳಿಯುವ ಕುತೂಹಲ ನನಗಿದೆ. ಇಷ್ಟು ಕುಡಿಯುವವನ ಕೈ ನಡುಗುತ್ತದೆ, ಯಕೃತ್ತು ಕೈಕೊಡುತ್ತದೆ, ಗುರಿಯಂತೂ ಹಿಡಿಯಲಾಗುವುದಿಲ್ಲ ಎಂದು ವೈದ್ಯರು ಕಳವಳಪಟ್ಟರು. ಬಾಂಡ್‌ಗೆ ಏನೂ ಆಗಲಿಲ್ಲ.

ಆದದ್ದು ಫ್ಲೆಮಿಂಗ್‌ಗೆ. ಅವನಂತೆಯೇ ಸಿಗರೇಟು ಸೇದಿ, ಅವನಂತೆಯೇ ಕುಡಿದು, 1961ರಲ್ಲಿ ಹೃದಯಾಘಾತ, 1964ರಲ್ಲಿ ಮತ್ತೊಂದು. ಐವತ್ತಾರಕ್ಕೆ ಮುಗಿಯಿತು. ನಾಲ್ಕು ವರ್ಷ ಕಳೆಯುವುದರೊಳಗೆ ಕಿಂಗ್ಸ್‌ಲಿ ಏಮಿಸ್ ಎಂಬ ದೊಡ್ಡ ಕಾದಂಬರಿಕಾರರು ರಾಬರ್ಟ್ ಮಾರ್ಕಮ್ ಎಂಬ ಹೆಸರಿನಲ್ಲಿ ಬಾಂಡ್‌ನನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದರು. ಕುಡಿದವನು ಒಬ್ಬ, ತಲೆನೋವು ಇನ್ನೊಬ್ಬನಿಗೆ ಎಂಬ ಈ ವ್ಯವಸ್ಥೆ ಇಡೀ ಪ್ರಕಾರದ ಸಂವಿಧಾನ ಎಂದೇ ನನಗೆ ಅನ್ನಿಸುತ್ತದೆ. ನಾಯಕ ಯಾವ ಬಿಲ್ಲನ್ನೂ ಕಟ್ಟುವುದಿಲ್ಲ. ಅಡ್ಡ ಬಂದ ಯಾರದೋ ಕಾರನ್ನು ಕಸಿದುಕೊಂಡು ನಾಲ್ಕು ಅಂಗಡಿಗಳ ಗಾಜು ಒಡೆದು ಸೇತುವೆಯಿಂದ ಕೆಳಗೆ ಹಾರಿಸುತ್ತಾನೆ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ಆ ಕಾರಿನ ಕಂತು ಇನ್ನೂ ಬಾಕಿ ಇತ್ತೇ ಎಂದು ಯಾವ ಅಧ್ಯಾಯವೂ ಕೇಳುವುದಿಲ್ಲ. ತಲೆಗೆ ಕಬ್ಬಿಣದ ಸಲಾಕೆಯ ಏಟು ಬಿದ್ದು ಒಂದು ಗಂಟೆ ಪ್ರಜ್ಞೆ ತಪ್ಪುತ್ತದೆ. ಅರ್ಧ ಗಂಟೆ ಮೀರಿ ಪ್ರಜ್ಞೆ ಹೋದರೆ ವೈದ್ಯರು ಅದನ್ನು ಸಾಧಾರಣ ಏಟು ಎನ್ನುವುದಿಲ್ಲ, ಮಿದುಳಿನ ಗಾಯ ಎಂದು ಹಾಸಿಗೆಗೆ ಹಾಕುತ್ತಾರೆ. ನಮ್ಮವನು ಎದ್ದು, ಕತ್ತು ತಿರುಗಿಸಿ ಲಟಕ್ಕೆನ್ನಿಸಿ, ಆರು ಜನರನ್ನು ಉರುಳಿಸಿ, ರಾತ್ರಿ ಊಟಕ್ಕೆ ಹಾಜರಾಗುತ್ತಾನೆ. ಜೊತೆಗೆ ಒಬ್ಬಾಕೆ. ಮುಂದಿನ ಕಾದಂಬರಿಯಲ್ಲಿ ಆಕೆ ಇರುವುದಿಲ್ಲ, ಎಲ್ಲಿ ಹೋದಳೆಂದು ಅವನೂ ವಿಚಾರಿಸುವುದಿಲ್ಲ.

ಇನ್ನು ಗೇಟಿನ ಕಾವಲುಗಾರ. ಖಳನಾಯಕನ ಬಂಗಲೆಯ ಹಿಂಭಾಗದಲ್ಲಿ ರಾತ್ರಿ ಪಾಳಿಯಲ್ಲಿರುವ ಈ ಬಡಪಾಯಿಯನ್ನು ನೀವು ಬಲ್ಲಿರಿ. ಮಳೆ ಹನಿಯುತ್ತಿರುತ್ತದೆ. ಅವನು ಸಿಗರೇಟು ಹಚ್ಚಲು ಬೆಂಕಿಪೊಟ್ಟಣ ತಡಕುತ್ತಾನೆ, ಅಷ್ಟರಲ್ಲಿ ಹಿಂದಿನಿಂದ ಒಂದು ತೋಳು ಬರುತ್ತದೆ. ಎರಡೂವರೆ ಸಾಲಿನಲ್ಲಿ ಅವನ ಜನ್ಮ ಮುಗಿಯಿತು. ಅವನ ಸಮವಸ್ತ್ರ ನಾಯಕನಿಗೆ ಅಳತೆ ತೆಗೆದು ಹೊಲಿಸಿದಂತೆ ಹೊಂದುತ್ತದೆ, ಆರಡಿ ಐದಿಂಚಿನವನಿಗೂ! ಹಿತ್ತಲ ಗೇಟಿಗೆ ನಿಲ್ಲಿಸಿದವನಿಗೆ ಕೋಟೆಯೊಳಗಿನ ಸಂಚು ಏನು ಗೊತ್ತಿರುತ್ತದೆ? ಭದ್ರತಾ ಏಜೆನ್ಸಿಯವರು ಕಳಿಸಿದರು, ಬಂದ. ನಾಯಕನ ಕೈಗಡಿಯಾರದ ಕಂಪನಿ ಗೊತ್ತು, ಪಿಸ್ತೂಲಿನ ಮಾದರಿ ಗೊತ್ತು, ಕುಡಿಯುವ ಕಾಫಿಯ ಬೀಜ ಎಲ್ಲಿ ಬೆಳೆದದ್ದೆಂದೂ ಗೊತ್ತು. ಸತ್ತವನ ಹೆಸರು ಗೊತ್ತಿಲ್ಲ.

ಇಲ್ಲಿಯವರೆಗೆ ನಗಬಹುದು. ಕುರ್ಚಿಯ ದೃಶ್ಯ ಬಂದಾಗ ನನಗೆ ನಗು ಬರುವುದಿಲ್ಲ. ಒಬ್ಬನನ್ನು ಕುರ್ಚಿಗೆ ಕಟ್ಟಿಹಾಕಿದ್ದಾರೆ. ಎಲ್ಲೋ ಬಾಂಬಿದೆ, ಗಡಿಯಾರ ಓಡುತ್ತಿದೆ, ಕಾನೂನು ಗೊತ್ತಿರುವ ಯಾರೋ ಒಬ್ಬರು ಬಾಗಿಲಲ್ಲಿ ನಿಂತು ಗೊಣಗುತ್ತಾರೆ. ನಾಯಕ ಅವರನ್ನು ಹೊರಗೆ ಕಳಿಸಿ, ಒಂದು ಬೆರಳು ಮುರಿಯುತ್ತಾನೆ. ಎರಡನೆಯದನ್ನು ಹಿಡಿಯುವಷ್ಟರಲ್ಲಿ ಕಟ್ಟಡ, ಮಹಡಿ, ಬಾಗಿಲಿನ ಸಂಖ್ಯೆ ಎಲ್ಲವೂ ಸಿಕ್ಕಿಬಿಡುತ್ತದೆ. ಕುರ್ಚಿಯಲ್ಲಿ ಇರುವವನು ಯಾವತ್ತೂ ಅಪರಾಧಿಯೇ. ಅವನಿಗೆ ಯಾವತ್ತೂ ಎಲ್ಲವೂ ಗೊತ್ತು. ಅವನು ಯಾವತ್ತೂ ನಿಜವನ್ನೇ ಹೇಳುತ್ತಾನೆ. ಅಮೆರಿಕದ ಸೆನೆಟ್ಟಿನ ಗುಪ್ತಚರ ಸಮಿತಿ ಸಿಐಎ ನಡೆಸಿದ ಇಂಥ ವಿಚಾರಣೆಗಳ ಕಡತಗಳನ್ನು ವರ್ಷಗಟ್ಟಲೆ ಓದಿ 2014ರ ಡಿಸೆಂಬರಿನಲ್ಲಿ ವರದಿಯ ಸಾರಾಂಶ ಹೊರಹಾಕಿತಲ್ಲ, ಅದರಲ್ಲಿ ಇದ್ದದ್ದು ಬೇರೆಯೇ ಕಥೆ. ಮಾಹಿತಿ ಪಡೆಯಲು ಈ ದಾರಿ ಫಲಕಾರಿಯಲ್ಲ. ನೋವು ತಾಳಲಾರದೆ ಕಟ್ಟುಕಥೆ ಹೇಳಿದವರಿದ್ದರು. ಸೆರೆಯಲ್ಲಿಟ್ಟ 119 ಜನರಲ್ಲಿ ಕನಿಷ್ಠ 26 ಮಂದಿಯನ್ನು ಹಿಡಿದಿಟ್ಟದ್ದೇ ತಪ್ಪು. ಅಷ್ಟು ಜನ. ಅವರಲ್ಲಿ ಯಾರ ಬಳಿಯೂ ಹೇಳಲು ಮಹಡಿ ಸಂಖ್ಯೆ ಇರಲಿಲ್ಲ.

ಸುಮ್ಮನೆ ಮನರಂಜನೆ, ಅಷ್ಟೆಲ್ಲ ತಲೆಕೆಡಿಸಿಕೊಳ್ಳಬಾರದು ಎನ್ನುತ್ತಾರೆ. ಆಯಿತು. ಹಾಗಾದರೆ ಗ್ಲಾಕ್‌ನ ಗುಂಡಿಗೆ ಯಾಕೆ ತಲೆ ಕೆಡುತ್ತದೆ? ಪಿಸ್ತೂಲಿನ ಬಗ್ಗೆ ಒಂದು ಕೂದಲೆಳೆಯ ಸುಳ್ಳನ್ನೂ ಸಹಿಸದ ಈ ಜನ ಬೆರಳಿನ ಬಗ್ಗೆ ಒಂದು ಪತ್ರ ಬರೆದದ್ದನ್ನು ನಾನು ಕೇಳಿಲ್ಲ. ಬರೆದಿದ್ದರೆ ಯಾವನೋ ಲೇಖಕ ತಿದ್ದಿಕೊಳ್ಳುತ್ತಿದ್ದನೇನೋ. ಫ್ಲೆಮಿಂಗ್ ತಿದ್ದಿಕೊಳ್ಳಲಿಲ್ಲವೆ?

ಸರಿ, ಕೊನೆಯ ಅಧ್ಯಾಯಕ್ಕೆ ಬರೋಣ. ಅದು ಎಲ್ಲ ಸರಣಿಯಲ್ಲೂ ಒಂದೇ. ಹಣೆಗೆ ಸಣ್ಣ ಪಟ್ಟಿ ಹಾಕಿಕೊಂಡ ನಾಯಕ ಮೇಲಧಿಕಾರಿಯ ಕೋಣೆಗೆ ಹೋಗುತ್ತಾನೆ. ನೀನು ಎಲ್ಲ ನಿಯಮಗಳನ್ನೂ ಮುರಿದಿದ್ದೀಯ ಎಂದು ಅವರು ಗುಡುಗುತ್ತಾರೆ. ಇವನು ತುಟಿ ಪಿಟಕ್ಕೆನ್ನದೆ ರಾಜೀನಾಮೆಯನ್ನು ಮೇಜಿನ ಮೇಲಿಡುತ್ತಾನೆ. ಅವರು ಕಿಟಕಿಯಾಚೆ ನೋಡುತ್ತಾರೆ, ಒಂದು ನಿಟ್ಟುಸಿರು ಬಿಡುತ್ತಾರೆ, ಕಾಗದವನ್ನು ಹರಿದು ಬುಟ್ಟಿಗೆ ಹಾಕುತ್ತಾರೆ. ಸೇವಾ ನಿಯಮಗಳ ಪ್ರಕಾರ ರಾಜೀನಾಮೆ ಪತ್ರ ಕಡತಕ್ಕೆ ಸೇರಬೇಕು, ಹರಿಯುವ ಅಧಿಕಾರ ಯಾರಿಗೂ ಇಲ್ಲ. ಆ ಮಾತು ಬಿಡಿ. ಅಂಗೀಕರಿಸಿ ಸ್ವಾಮಿ, ಒಂದು ಸಲವಾದರೂ.