ಡ್ಯಾಶ್‌ಬೋರ್ಡ್ ಆಮೇಲೆ, ಮೊದಲು ಒಂದು ಬಿಲ್ ಓದಿ

ಬಿಸಿನೆಸ್ ಇನ್ಫರ್ಮೇಷನ್ ಸಿಸ್ಟಮ್ಸ್ ಪದವಿಗೆ ಸೇರಿರುವವರಿಗೂ, ಬಿಬಿಎ, ಬಿಸಿಎಯಲ್ಲಿ ಇದನ್ನೇ ಎಂಐಎಸ್ (ಮ್ಯಾನೇಜ್‌ಮೆಂಟ್ ಇನ್ಫರ್ಮೇಷನ್ ಸಿಸ್ಟಮ್ಸ್) ಅಂತ ಒಂದು ಪೇಪರ್ ಆಗಿ ಓದುತ್ತಿರುವವರಿಗೂ ಒಂದು ಮಾತು ಹೇಳಬೇಕು. ಮೊದಲ ವರ್ಷದಲ್ಲೇ ಡ್ಯಾಶ್‌ಬೋರ್ಡ್ (ಲೆಕ್ಕವನ್ನ ಚಾರ್ಟಾಗಿ ತೋರಿಸುವ ಪರದೆ) ಮಾಡುವ ಪವರ್ ಬಿಐ, ಪೈಥಾನ್ ಅಂತ ಸರ್ಟಿಫಿಕೇಟ್ ಕೂಡಿಹಾಕೋಕೆ ಓಡಬೇಡಿ. ಅಂಗಡಿಯಲ್ಲಿ ನಡೆಯುವ ವ್ಯವಹಾರ ಡೇಟಾಬೇಸ್‌ನಲ್ಲಿ ಹೇಗೆ ಕೂರುತ್ತೆ ಅನ್ನೋದನ್ನ ಮೊದಲು ಕಲಿಯಿರಿ. ಈ ಪದವಿಯ ಜೀವ ಇರೋದು ಅಲ್ಲಿ.

ಈಗ ಆಗುತ್ತಿರೋದು ಏನಂದ್ರೆ, ಅಕೌಂಟ್ಸ್ ಕ್ಲಾಸಿನಲ್ಲಿ ಜರ್ನಲ್, ಲೆಡ್ಜರ್, ಟ್ರಯಲ್ ಬ್ಯಾಲೆನ್ಸ್. ಪಕ್ಕದ ಕ್ಲಾಸಿನಲ್ಲಿ ಡಿಬಿಎಂಎಸ್, ಅಂದರೆ ಡೇಟಾಬೇಸ್ ನಡೆಸುವ ಪಾಠ, ಅಲ್ಲಿ ವರ್ಷಾನುಗಟ್ಟಲೆ ಅದೇ ಎಂಪ್ಲಾಯಿ ಟೇಬಲ್, ಡಿಪಾರ್ಟ್‌ಮೆಂಟ್ ಟೇಬಲ್. ಎರಡಕ್ಕೂ ಗಂಟು ಹಾಕುವವರಿಲ್ಲ. ಥರ್ಡ್ ನಾರ್ಮಲ್ ಫಾರ್ಮ್ (ಟೇಬಲ್ಲುಗಳನ್ನ ಸರಿಯಾಗಿ ಬಿಡಿಸುವ ನಾರ್ಮಲೈಸೇಷನ್ ಅನ್ನೋ ಕ್ರಮದ ಮೂರನೇ ಹಂತ) ಅಂದರೇನು ಅಂತ ಕೇಳಿದರೆ ಐದು ಮಾರ್ಕ್ಸಿಗೆ ಬರೆಯುವ ಹುಡುಗರಿಗೆ, ಒಂದು ದಿನಸಿ ಬಿಲ್ಲಿಗೆ ಎಷ್ಟು ಟೇಬಲ್ ಬೇಕು ಅಂದರೆ ಉತ್ತರ ಹೊಳೆಯೋದಿಲ್ಲ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಡೇಟಾವನ್ನ ಟೇಬಲ್ಲುಗಳಾಗಿ ಇಡುವ ರಿಲೇಷನಲ್ ಮಾಡೆಲ್ ಮುಂದಿಟ್ಟರು, 1976ರಲ್ಲಿ ಪೀಟರ್ ಚೆನ್ ಯಾವುದಕ್ಕೆ ಯಾವುದರ ಸಂಬಂಧ ಅಂತ ಚಿತ್ರದಲ್ಲಿ ತೋರಿಸುವ ಇಆರ್ (ಎಂಟಿಟಿ-ರಿಲೇಷನ್‌ಶಿಪ್) ಮಾಡೆಲ್ ಕೊಟ್ಟರು. ನಾರ್ಮಲೈಸೇಷನ್ ಹುಟ್ಟಿದ್ದು ಪರೀಕ್ಷೆಗಲ್ಲ. ಒಂದೇ ವಿಷಯವನ್ನ ಎರಡು ಕಡೆ ಬರೆದಿಟ್ಟು ಒಂದು ಕಡೆ ಮಾತ್ರ ತಿದ್ದಿದರೆ ಲೆಕ್ಕ ಕೆಡುತ್ತೆ, ಆ ತೊಂದರೆ ತಪ್ಪಿಸೋಕೆ.

ಯಶವಂತಪುರ ಎಪಿಎಂಸಿಯ ಸಗಟು ಅಂಗಡಿಯ ಒಂದು ಬಿಲ್ ತಗೊಂಡು ಕೂತ್ಕೊಳ್ಳಿ. ಗಿರಾಕಿಗೆ ಒಂದು ಟೇಬಲ್, ಸರಕಿಗೆ ಒಂದು, ಬಿಲ್ಲಿನ ತಲೆಗೆ ಒಂದು, ಬಿಲ್ಲಿನ ಒಂದೊಂದು ಸಾಲಿಗೆ ಇನ್ನೊಂದು, ಬಂದ ಹಣಕ್ಕೆ ಮತ್ತೊಂದು. ಐದಾಯಿತು. ಬಿಲ್ ಟೇಬಲ್ಲಿನಲ್ಲೇ ‘ಸರಕು1, ಸರಕು2, ಸರಕು3’ ಅಂತ ಕಾಲಮ್ ಮಾಡಿದವರು ನಾಲ್ಕನೇ ಸರಕು ಬಂದ ಕೂಡಲೇ ಸಿಕ್ಕಿಬೀಳ್ತಾರೆ. ಅಳತೆಯನ್ನೂ ಗಮನಿಸಿ: ಅಕ್ಕಿ ಬರೋದು 50 ಕೆಜಿ ಮೂಟೆಯಲ್ಲಿ, ಚಿಲ್ಲರೆಗೆ ಹೋಗೋದು ಕೆಜಿಯಲ್ಲಿ. ಸ್ಟಾಕನ್ನ ಸಣ್ಣ ಅಳತೆಯಲ್ಲೇ ಇಟ್ಟು, ಮೂಟೆಗೆಷ್ಟು ಕೆಜಿ ಅನ್ನೋದನ್ನ ಬೇರೆ ಕಾಲಮ್ಮಿನಲ್ಲಿ ಬರೆಯಿರಿ. ಇಲ್ಲದಿದ್ದರೆ ‘3’ ಅಂತ ಇದ್ದದ್ದು ಮೂರು ಮೂಟೆಯೋ ಮೂರು ಕೆಜಿಯೋ ಅಂತ ತಿಂಗಳ ಕೊನೆಗೆ ಯಾರಿಗೂ ಗೊತ್ತಾಗಲ್ಲ. ಪೀಣ್ಯದ ವರ್ಕ್‌ಶಾಪಿನದೂ ಇದೇ ಕತೆ: ಕಬ್ಬಿಣ ಕೊಳ್ಳೋದು ಕೆಜಿ ಲೆಕ್ಕದಲ್ಲಿ, ಮಾಲು ಹೋಗೋದು ಪೀಸ್ ಲೆಕ್ಕದಲ್ಲಿ.

ಇನ್ನು ತೆರಿಗೆ. ಜಿಎಸ್‌ಟಿ ದರವನ್ನ ಸರಕಿನ ಟೇಬಲ್ಲಿನಲ್ಲಿ ಮಾತ್ರ ಇಟ್ಟು, ಬಿಲ್ ತೋರಿಸುವಾಗ ಅಲ್ಲಿಂದ ತಗೊಂಡರೆ ಸಾಕು ಅಂತ ಬಹಳ ಜನ ಅಂದುಕೊಳ್ತಾರೆ. ಒಂದೇ ವಿಷಯ ಒಂದೇ ಕಡೆ ಇದೆ, ನಾರ್ಮಲೈಸೇಷನ್ ಪಾಲಿಸಿದ್ದೇವೆ ಅಂತ. ತಪ್ಪು. 2025ರ ಸೆಪ್ಟೆಂಬರ್ 22ರಂದು ಟೂತ್‌ಪೇಸ್ಟ್ 18ರಿಂದ 5 ಪರ್ಸೆಂಟ್‌ಗೆ ಇಳಿಯಿತು. 100 ರೂಪಾಯಿ ಮೂಲಬೆಲೆಯ ಮಾಲಿಗೆ ಸೆಪ್ಟೆಂಬರ್ 15ರಂದು ಹಾಕಿದ ಬಿಲ್ 118 ರೂಪಾಯಿ. ಅದೇ ಬಿಲ್ಲನ್ನ ಅಕ್ಟೋಬರ್‌ನಲ್ಲಿ ಮತ್ತೆ ಪ್ರಿಂಟ್ ಮಾಡಿದರೆ ಈ ವಿನ್ಯಾಸ 105 ಅಂತ ತೋರಿಸುತ್ತೆ. ಗಿರಾಕಿ ಆ ಮಾಲು ವಾಪಸ್ ತಂದರೆ ಕ್ರೆಡಿಟ್ ನೋಟ್ (ಹಳೆಯ ಬಿಲ್ಲಿನ ಮೊತ್ತ ಕಡಿಮೆ ಮಾಡುವ ಚೀಟಿ) ಹಳೆಯ 18ರಲ್ಲೇ ಆಗಬೇಕು, ಆದರೆ ಆ 18 ಈಗ ಎಲ್ಲೂ ಉಳಿದಿಲ್ಲ. ಇವತ್ತಿನ ದರ ಅನ್ನೋದು ಒಂದು ವಿಷಯ, ಆ ದಿನ ಹಾಕಿದ ದರ ಅನ್ನೋದು ಬೇರೆಯೇ ವಿಷಯ. ಎರಡನೆಯದು ಬಿಲ್ಲಿನ ಸಾಲಿಗೆ ಸೇರಿದ್ದು, ಅಲ್ಲೇ ನಕಲಾಗಿ ಕೂರಬೇಕು. ಬೆಲೆಗೂ ಇದೇ ಮಾತು. ಇದನ್ನ ಅರ್ಥ ಮಾಡಿಕೊಂಡವರಿಗೆ ನಾರ್ಮಲೈಸೇಷನ್ ಬಾಯಿಪಾಠದ ಹಂಗಿಲ್ಲದೆ ಬರುತ್ತೆ.

ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯೂಎಲ್. ಅದರಲ್ಲಿ ನಾನು ಅತಿ ಅಪಾಯ ಅಂತ ಎಣಿಸೋದು ಎರರ್ ಕೊಡದ ತಪ್ಪನ್ನ. 1,000 ರೂಪಾಯಿಯ ಬಿಲ್ ಒಂದಿದೆ, ಮೂರು ಸಾಲು. ಹಣ ಬಂದದ್ದು ಎರಡು ಸಲ: ಯುಪಿಐನಲ್ಲಿ 600, ನಗದು 400. ಬಿಲ್ಲಿಗೆ ಸಾಲುಗಳ ಟೇಬಲ್ಲನ್ನೂ ರಸೀದಿ ಟೇಬಲ್ಲನ್ನೂ ಒಟ್ಟಿಗೆ ಜಾಯಿನ್ ಮಾಡಿದರೆ, ಅಂದರೆ ಜೋಡಿಸಿದರೆ, ಒಂದೊಂದು ಸಾಲೂ ಎರಡೂ ರಸೀದಿಗೆ ಜೋಡಿಯಾಗಿ ಆರು ಸಾಲು ಬರುತ್ತೆ. ಮಾರಾಟ ಕೂಡಿದರೆ 2,000, ವಸೂಲಿ ಕೂಡಿದರೆ 3,000. ಕ್ವೆರಿ ಸಲೀಸಾಗಿ ಓಡುತ್ತೆ, ಡ್ಯಾಶ್‌ಬೋರ್ಡ್ ಚೆಂದ ಕಾಣುತ್ತೆ, ಲೆಕ್ಕ ಮಾತ್ರ ಸುಳ್ಳು. ಒಂದೇ ಥರದ್ದನ್ನ ಒಮ್ಮೆ ಮಾತ್ರ ಎಣಿಸುವ ಡಿಸ್ಟಿಂಕ್ಟ್ ಹಾಕಿ ಸರಿಪಡಿಸೋಕೆ ಹೋಗಬೇಡಿ, 200 ರೂಪಾಯಿಯ ಎರಡು ಸಾಲು ಇದ್ದರೆ ಒಂದು ಮಾಯವಾಗುತ್ತೆ. ಸಾಲುಗಳನ್ನ ಬಿಲ್ ನಂಬರಿನ ಮೇಲೆ ಬೇರೆಯಾಗಿ ಗ್ರೂಪ್ ಮಾಡಿ ಕೂಡಿ, ರಸೀದಿಗಳನ್ನ ಬೇರೆಯಾಗಿ ಕೂಡಿ, ಆಮೇಲೆ ಬಿಲ್ಲಿಗೆ ಜೋಡಿಸಿ. ಜೋಡಿಸುವಾಗ ಲೆಫ್ಟ್ ಜಾಯಿನ್ (ರಸೀದಿ ಇಲ್ಲದ ಬಿಲ್ಲನ್ನೂ ಉಳಿಸಿಕೊಳ್ಳುವ ಜೋಡಣೆ) ಇರಲಿ, ಇಲ್ಲದಿದ್ದರೆ ಒಂದು ರೂಪಾಯಿಯೂ ಕೊಡದ ಸಾಲಗಾರನೇ ಪಟ್ಟಿಯಿಂದ ಬಿಟ್ಟುಹೋಗ್ತಾನೆ. ವಸೂಲಿ ಪಟ್ಟಿಯಲ್ಲಿ ಮೊದಲು ಬೇಕಾದವನೇ ಅವನು.

ಸಣ್ಣವು ಕೆಲವಿವೆ. ಹಣದ ಕಾಲಮ್ಮಿಗೆ ದಶಮಾಂಶವನ್ನ ಅಂದಾಜಾಗಿ ಇಡುವ ಫ್ಲೋಟ್ ಬೇಡ, ನಿಖರವಾಗಿ ಇಡುವ ಡೆಸಿಮಲ್ ಇಡಿ. ಜಿಎಸ್‌ಟಿ ನಂಬರ್ 15 ಅಕ್ಷರದ್ದು, ಮೊದಲೆರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ನೋಂದಣಿ ಇಲ್ಲದ ಗಿರಾಕಿಗೆ ಈ ನಂಬರೇ ಇರಲ್ಲ, ಹಾಗಾಗಿ ಅದನ್ನ ಪ್ರೈಮರಿ ಕೀ (ಒಂದೊಂದು ಸಾಲನ್ನೂ ಗುರುತಿಸುವ ಕಾಲಮ್) ಮಾಡಬೇಡಿ. ರಾಜ್ಯದ ಕೋಡ್ ಟೆಕ್ಸ್ಟ್ ಆಗಿರಲಿ, ಎಕ್ಸೆಲ್‌ಗೆ ಬಿಟ್ಟರೆ ದೆಹಲಿಯ 07 ಬರೀ 7 ಆಗುತ್ತೆ. ತಾರೀಕಂತೂ ಜೀವ ತಿನ್ನುತ್ತೆ: ಲ್ಯಾಪ್‌ಟಾಪ್ ಅಮೆರಿಕದ ಸೆಟ್ಟಿಂಗಿನಲ್ಲಿದ್ದರೆ ಮೇ 4 ಅಂತ ಬರೆದ 04/05 ಏಪ್ರಿಲ್ 5 ಆಗುತ್ತೆ, 25/05 ತಾರೀಕೇ ಆಗದೆ ಟೆಕ್ಸ್ಟ್ ಆಗಿ ಉಳಿಯುತ್ತೆ. ಒಂದೇ ಕಾಲಮ್ಮಿನಲ್ಲಿ ಅರ್ಧ ತಪ್ಪು ತಾರೀಕು, ಅರ್ಧ ಬರೀ ಅಕ್ಷರ.

ಕೊನೇ ವರ್ಷದ ಪ್ರಾಜೆಕ್ಟ್ ದುಡ್ಡು ಕೊಟ್ಟು ತರಬೇಡಿ, ಕೈ ಮುಗಿದು ಕೇಳ್ತೀನಿ. ಚಿಕ್ಕಪೇಟೆಯ ಒಂದು ಸೀರೆ ಅಂಗಡಿಯೋ ನಿಮ್ಮ ಬೀದಿಯ ಮೆಡಿಕಲ್ ಸ್ಟೋರೋ ಸಾಕು. ಮೊದಲ ಎರಡು ವಾರ ಕೋಡ್ ಮುಟ್ಟದೆ ಅವರ ಬಿಲ್ ಪುಸ್ತಕ, ಖರೀದಿ ಬಿಲ್, ಸಾಲದ ಪುಸ್ತಕ ನೋಡಿ. ಎಲ್ಲ ಸರಿಯಾಗಿ ನಡೆದಾಗ ಏನಾಗುತ್ತೆ ಅಂತ ಕೇಳಿದ್ದಷ್ಟೇ ಸಾಲದು. ಮಾಲು ವಾಪಸ್ ಬಂದರೆ, ಚೆಕ್ ಬೌನ್ಸ್ ಆದರೆ, ಬಿಲ್ಲಿನಲ್ಲಿ ಹೆಸರು ತಪ್ಪಿದರೆ ಏನು ಮಾಡ್ತೀರಿ ಅಂತ ಕೇಳಿ. ಟೇಬಲ್ಲುಗಳನ್ನ ಪೇಪರ್ ಮೇಲೆ ಬರೆದು, ನಿಜವಾದ ಹತ್ತು ಬಿಲ್ಲುಗಳನ್ನ ಕೈಯಲ್ಲೇ ತುಂಬಿಸಿ. ಯಾವ ಬಿಲ್ ಕೂರಲ್ಲವೋ ಅದು ವಿನ್ಯಾಸದ ತಪ್ಪನ್ನ ತೋರಿಸುತ್ತೆ. ಆಮೇಲೆ ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್ ಸಾಫ್ಟ್‌ವೇರ್ ತೆರೆಯಿರಿ.

ಇನ್ನೊಂದು. ನಿಮ್ಮ ಸ್ಕ್ರೀನಿನಲ್ಲಿ ಬಿಲ್ ಪಕ್ಕ ಡಿಲೀಟ್ ಬಟನ್ ಇದ್ದರೆ ತೆಗೆಯಿರಿ. ಲೆಡ್ಜರಿಗೆ ಹೋದ ಎಂಟ್ರಿ ಅಳಿಸೋ ಹಾಗಿಲ್ಲ, ಅದಕ್ಕೆ ಎದುರಾಗಿ ಇನ್ನೊಂದು ಎಂಟ್ರಿ ಹಾಕಬೇಕು. ವೈವಾದಲ್ಲಿ ‘ಡಿಲೀಟ್ ಎಲ್ಲಿ?’ ಅಂತ ಕೇಳಿದರೆ ಕ್ರೆಡಿಟ್ ನೋಟ್ ಸ್ಕ್ರೀನ್ ತೆರೆದು ತೋರಿಸಿ.