ಇಬ್ಬರು ಹಂಜಾಗಳನ್ನು ಒಬ್ಬರೇ ಮಾಡಬೇಡಿ

‘ಮಲಯ್ ಸೂಫಿ ಕವಿ ಹಂಜಾ ಅವರ ಪುಸ್ತಕ ಸುಟ್ಟರು, ಕವಿತೆಗಾಗಿಯೇ 1946ರಲ್ಲಿ ಅವರನ್ನು ಕೊಂದರು’ ಎಂಬ ಮಾತು ಓಡಾಡುತ್ತಿದೆ. ಇದರಲ್ಲಿ ಇಬ್ಬರು ಕವಿಗಳು ಕಲಸುಮೇಲೋಗರ ಆಗಿದ್ದಾರೆ.

ಪುಸ್ತಕ ಸುಟ್ಟಿದ್ದು ಹಂಜಾ ಫನ್ಸೂರಿ ಅವರದ್ದು. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಈ ಸೂಫಿ ತೀರಿಕೊಂಡ ಮೇಲೆ, 17ನೇ ಶತಮಾನದಲ್ಲಿ, ಅದೇ ದ್ವೀಪದ ಅಚೆ ಎಂಬ ಊರಿನ ಸುಲ್ತಾನರ ರಾಜ್ಯದಲ್ಲಿ.

1946ರಲ್ಲಿ ಕೊಲೆಯಾದವರು ಅಮೀರ್ ಹಂಜಾ. 1911ರಲ್ಲಿ ಸುಮಾತ್ರಾದ ಲಂಕಾಟ್ ಎಂಬ ಸಂಸ್ಥಾನದ ಅರಸು ಮನೆತನದಲ್ಲಿ ಹುಟ್ಟಿದವರು. ಆಗ ಪೂರ್ವ ಸುಮಾತ್ರಾದಲ್ಲಿ ಅರಸು ಮನೆತನಗಳ ವಿರುದ್ಧ ದಂಗೆ ಎದ್ದಿತ್ತು. ಅವರ ಜೀವ ಹೋಗಿದ್ದು ಅದರಲ್ಲಿ, ಕವಿತೆಗಾಗಿ ಅಲ್ಲ.

ಹೆಸರು ಬಿಟ್ಟರೂ ಗೊಂದಲ ಆಗೋದು ಸಹಜವೇ. ಅಮೀರ್ ಅವರ ‘ನ್ಯಾನ್ಯಿ ಸುನ್ಯಿ’ (1937) ಸಂಕಲನದಲ್ಲಿ ‘ಪದಾಮು ಜುವಾ’ ಎಂಬ ಕವಿತೆ ಇದೆ. ಅಲ್ಲಿ ದೇವರು ಕತ್ತಲ ರಾತ್ರಿಯಲ್ಲಿ ಕಿಟಕಿಗಿಟ್ಟ ದೀಪ, ಮೆಲ್ಲಗೆ ಮನೆಗೆ ಕರೆಯುವವನು. ಸೂಫಿ ಮಾತೇ, ಅಲ್ವಾ? ಆದರೆ ಸ್ವಲ್ಪ ಮುಂದೆ ಹೋಗಿ: ಅವನೇ ಹೊಟ್ಟೆಕಿಚ್ಚಿನವನು, ಕ್ರೂರಿ. ಕವಿ ಅವನ ಉಗುರಿಗೆ ಸಿಕ್ಕ ಬೇಟೆ. ಹಿಡಿಯುತ್ತಾನೆ, ಬಿಡುತ್ತಾನೆ. ಆಮೇಲೆ ಪರದೆಯ ಹಿಂದಿನ ಹುಡುಗಿಯಂತೆ ಸುಮ್ನೆ ಕಾಡುತ್ತಾನೆ. ಕೊನೆಗೂ ಮಿಲನ ಆಗುವುದಿಲ್ಲ. ಹೊತ್ತು ಕಳೆಯುತ್ತದೆ, ಕವಿಯ ಸರದಿ ಬರುವುದಿಲ್ಲ.