ಜೈಲಿನಿಂದ ಗೆಲ್ಲಬಹುದು, ಓಟು ಹಾಕುವಂತಿಲ್ಲ

2024ರ ಲೋಕಸಭೆ ಚುನಾವಣೆಯಲ್ಲಿ ಎಂಜಿನಿಯರ್ ರಶೀದ್ ತಿಹಾರ್ ಜೈಲಿನಲ್ಲಿದ್ದುಕೊಂಡೇ ಕಾಶ್ಮೀರದ ಬಾರಾಮುಲ್ಲಾ ಕ್ಷೇತ್ರ ಗೆದ್ದರು. ಒಮರ್ ಅಬ್ದುಲ್ಲಾ ಅವರನ್ನು ಸೋಲಿಸಿದ್ದು 2 ಲಕ್ಷಕ್ಕೂ ಜಾಸ್ತಿ ಓಟಿನಿಂದ. ಆದರೆ ವಿಚಾರಣಾಧೀನ ಕೈದಿಯಾದ, ಅಂದರೆ ಕೇಸು ಇನ್ನೂ ತೀರ್ಮಾನವಾಗದ ಅವರಿಗೆ ತಮ್ಮದೇ ಒಂದು ಓಟು ಹಾಕುವ ಹಕ್ಕಿರಲಿಲ್ಲ!

ಜೈಲಿನಿಂದ ಗೆಲ್ಲುವುದು ಹೊಸದೇನಲ್ಲ ಬಿಡಿ. 1977ರಲ್ಲಿ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಬಿಹಾರದ ಮುಜಫ್ಫರ್‌ಪುರದಲ್ಲಿ ಹಾಗೇ ಗೆದ್ದಿದ್ದರು. ಕೋಳ ತೊಟ್ಟ ಕೈ ಮೇಲೆತ್ತಿದ ಆ ಒಂದು ಫೋಟೋ ಅವರ ಪರವಾಗಿ ಊರೂರು ಸುತ್ತಿತು.

1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 62(5)ನೇ ಕಲಂ ಪ್ರಕಾರ ಜೈಲಲ್ಲಿರುವವರು ಮತ ಹಾಕುವಂತಿಲ್ಲ. ಶಿಕ್ಷೆ ಆಗಿದೆಯೋ ಇಲ್ಲವೋ ಅನ್ನುವುದು ಲೆಕ್ಕಕ್ಕೇ ಇಲ್ಲ. 2013ರಲ್ಲಿ ಸುಪ್ರೀಂ ಕೋರ್ಟ್, ಓಟಿಲ್ಲದವರು ಸ್ಪರ್ಧಿಸುವಂತೆಯೂ ಇಲ್ಲ ಎಂದಿತು. ಅದೇ ವರ್ಷ ಸಂಸತ್ತು ತಿದ್ದುಪಡಿ ತಂದು ಸ್ಪರ್ಧಿಸುವ ಹಕ್ಕು ಉಳಿಸಿತು. ತಮ್ಮ ಬುಡಕ್ಕೆ ಬಂದಾಗ ಎಂಥ ಚುರುಕು ನೋಡಿ! ಓಟಿನ ವಿಷಯ ಮಾತ್ರ ಇದ್ದಲ್ಲೇ ಇದೆ.

ದೇಶದ ಕೈದಿಗಳಲ್ಲಿ ಹೆಚ್ಚುಕಮ್ಮಿ ಮುಕ್ಕಾಲು ಪಾಲು ವಿಚಾರಣಾಧೀನರು. ಮೊಬೈಲ್ ಕದ್ದ ಆರೋಪದ ಹುಡುಗನೊಬ್ಬನಿಗೆ ಜಾಮೀನು ಸಿಕ್ಕಿತು ಅಂದುಕೊಳ್ಳಿ. ಶ್ಯೂರಿಟಿಗೆ ಪಹಣಿ ಹಿಡಿದು ಕೋರ್ಟಿಗೆ ಬರುವವರು ಬೇಕಲ್ವಾ? ಕೂಲಿ ಮಾಡುವ ಅಪ್ಪ ಯಾರ ಪಹಣಿ ತರಬೇಕು? ಹುಡುಗ ಒಳಗೇ ಉಳಿದ, ಓಟೂ ಹೋಯಿತು. ಕೋಟಿ ನುಂಗಿದ ಆರೋಪ ಹೊತ್ತವನು ಜಾಮೀನಿನ ಮೇಲೆ ಬಂದು, ಬೂತ್ ಮುಂದೆ ಶಾಯಿ ಬೆರಳಿನ ಸೆಲ್ಫಿ ಹಾಕುತ್ತಾನೆ. ಬ್ರಿಟಿಷರ ಕಾಲದಲ್ಲಿ ಓಟು ಇದ್ದದ್ದು ಆಸ್ತಿ, ಕಂದಾಯ, ಓದು ಇದ್ದವರಿಗೆ. ಅದನ್ನು ಸಂವಿಧಾನ ಕಿತ್ತುಹಾಕಿತು. ಆಸ್ತಿಯ ಷರತ್ತು ಮಾತ್ರ ಈಗ ಜೈಲಿನ ಹಿಂಬಾಗಿಲಿನಿಂದ ವಾಪಸ್ ಬಂದಿದೆ ಅನ್ನುವುದು ನನ್ನ ತಕರಾರು.

1997ರಲ್ಲಿ ಸುಪ್ರೀಂ ಕೋರ್ಟ್ ಜೈಲಲ್ಲಿರುವವರಿಗೆ ಓಟಿಲ್ಲ ಅನ್ನುವ ಈ ನಿಯಮವನ್ನು ಎತ್ತಿಹಿಡಿದಾಗ ಕೊಟ್ಟ ಕಾರಣಗಳಲ್ಲಿ ಪೊಲೀಸರ ಕೊರತೆ, ವ್ಯವಸ್ಥೆಯ ಕಷ್ಟವೂ ಇದ್ದವು. ಇದನ್ನು ಈಗ ಒಪ್ಪುವುದು ಕಷ್ಟ. 2023ರ ನಮ್ಮ ವಿಧಾನಸಭೆ ಚುನಾವಣೆಯಲ್ಲಿ 80 ದಾಟಿದವರ ಮನೆಗೇ ಹೋಗಿ ಓಟು ಹಾಕಿಸಿಕೊಂಡರು. ಜೈಲಿನಲ್ಲಿ ಎಲ್ಲರೂ ಒಂದೇ ಕಡೆ ಇದ್ದಾರೆ, ಕಾವಲೂ ಇದೆ. 'ತಾವೇ ಮಾಡಿಕೊಂಡಿದ್ದು' ಅನ್ನುವ ವಾದವೂ ಇದೆ. ಆದರೆ ಏನು ಮಾಡಿದರು ಅಂತ ಇನ್ನೂ ಸಾಬೀತೇ ಆಗಿಲ್ಲವಲ್ಲ?

ಶಿಕ್ಷೆ ಆದವರ ವಿಷಯದಲ್ಲಿ ನನಗೂ ಎರಡು ಮನಸ್ಸಿದೆ. ವಿಚಾರಣಾಧೀನರಿಗೆ ಅಂಚೆ ಮತ ಕೊಡಲು ಕಾಯ್ದೆಗೆ ಒಂದು ಸಾಲು ಸೇರಿಸಿದರೂ ಆದೀತು. ಮುನ್ನೆಚ್ಚರಿಕೆ ಬಂಧನದಲ್ಲಿ, ಅಂದರೆ ಏನಾದರೂ ಮಾಡಿಯಾರು ಅಂತ ಮೊದಲೇ ಹಿಡಿದಿಟ್ಟ ಸ್ಥಿತಿಯಲ್ಲಿ ಇರುವವರಿಗೆ ಅಂಥ ವಿನಾಯಿತಿ ಇದೇ 62(5)ರಲ್ಲಿ ಈಗಾಗಲೇ ಇದೆ.